ಅದರಲ್ಲಿ ಬಸ್ಸು ಬೀಳ್ತದಾ?

ಮೇನ್ ಸ್ವಿಚ್ಚಿನ ಹಿಡಿಗೆ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಸುತ್ತಿ ದಾರದಿಂದ ಬಿಗಿದಿದ್ದರು. ನೀಲಿ ಬಟ್ಟೆ, ಬಿಳಿಯ ಸಣ್ಣ ಚುಕ್ಕಿ. ಹಿಡಿ ಕೆಳಗಿಳಿದಾಗ ತಾಗುವ ಜಾಗದಲ್ಲಿ ಕಬ್ಬಿಣದ ಪೆಟ್ಟಿಗೆಗೂ ಅದೇ ಬಟ್ಟೆಯ ಮಡಿಕೆಯೊಂದನ್ನು ಅಂಟಿಸಿದ್ದರು. ಶಾಕ್ ಹೊಡೆಯದಿರಲೆಂದು ಮಾಡಿದ್ದಿರಬೇಕು ಎಂದುಕೊಂಡಿದ್ದೆ. ಕಬ್ಬಿಣಕ್ಕೆ ಕಬ್ಬಿಣ ಬಡಿದು ಸದ್ದಾಗಬಾರದೆಂದು ಹಾಗೆ ಮಾಡಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಹಾಗೆ ಮಾಡಿದ್ದ ನನ್ನ ಹಿಂದಿನ ಮನೆಯೊಡತಿ ಕಳೆದ ತಿಂಗಳು ತೀರಿಕೊಂಡರು. ನಾನೀಗ ಸಾಗರದಲ್ಲಿದ್ದೇನೆ. ಸುದ್ದಿಯನ್ನು ಫೋನ್ ಮಾಡಿ ತಿಳಿಸಿದ್ದು ಅವರ ತಮ್ಮ. "ಅಕ್ಕ ಹೋದ್ಲು ಮೇಡಂ. ನಿಮಗೊಂದು ಹೇಳ್ಬೇಕು ಅನ್ನಿಸ್ತು" ಎಂದಷ್ಟೇ ಹೇಳಿ ಇಟ್ಟರು. ಆ ತಮ್ಮ ತಾವಾಗಿ ಒಂದು ನಂಬರ್ ಒತ್ತಿ ಮಾತಾಡಿದರು ಎನ್ನುವುದು ಎಷ್ಟು ದೊಡ್ಡ ಸಂಗತಿ ಎಂದು ಗೊತ್ತಿರುವವರು ಈಗ ನಾನೊಬ್ಬಳೇ ಇರಬೇಕು. ಆ ಫೋನ್ ಬಂದ ಮೇಲೆ ಇದನ್ನು ಬರೆಯಬೇಕೆನ್ನಿಸಿತು. ತೀರಿಕೊಂಡವರ ಹೆಸರನ್ನು ಬರೆಯುವುದಿಲ್ಲ. ಬೀದಿಯಲ್ಲಿ ಎಲ್ಲರೂ ಅವರನ್ನು ಟೈಪಿಂಗ್ ಅಕ್ಕ ಎನ್ನುತ್ತಿದ್ದರು. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ.

ತೀರ್ಥಹಳ್ಳಿಯ ಕಾಲೇಜೊಂದಕ್ಕೆ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಹೋದಾಗ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲಿನ ಬೀದಿಯಲ್ಲಿದ್ದ ಅವರ ಮನೆಯ ಮಹಡಿ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಅವರು ಮತ್ತು ಅವರ ತಮ್ಮ. ಅಕ್ಕನಿಗೆ ಅರವತ್ತರ ಹತ್ತಿರ, ತಮ್ಮನಿಗೆ ಅದಕ್ಕಿಂತ ನಾಲ್ಕೈದು ವರ್ಷ ಕಡಿಮೆ. ಇಬ್ಬರೂ ಮದುವೆಯಾದವರಲ್ಲ. ಮೊದಲು ಕಚೇರಿಗಳ ಎದುರಿನ ಜಗಲಿಯೊಂದರಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ, ಕರಾರುಪತ್ರ ಹೊಡೆದುಕೊಡುತ್ತಿದ್ದ ಅಕ್ಕ, ಆಮೇಲೆ ಮನೆಯ ಮುಂದಿನ ಕೋಣೆಗೆ ಕಂಪ್ಯೂಟರ್ ತಂದು ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆಗಳನ್ನು ಟೈಪು ಮಾಡುತ್ತಿದ್ದರು. ಕೀಬೋರ್ಡಿನ ಮೇಲೆ ಅವರ ಬೆರಳು ಬೀಳುವ ಸದ್ದು ಮಹಡಿಗೂ ಕೇಳುತ್ತಿತ್ತು. ಸಾಲು ಮುಗಿದಾಗ ಎಂಟರ್ ಒತ್ತಿ, ಎಡಗೈಯಿಂದ ಗಾಳಿಯನ್ನು ಬಲಕ್ಕೆ ತಳ್ಳುತ್ತಿದ್ದರು. ಟೈಪ್‌ರೈಟರ್ ಹೋಗಿ ಎಷ್ಟೋ ವರ್ಷವಾಗಿದ್ದರೂ ಆ ಕೈಗೆ ಅದು ತಿಳಿದಿರಲಿಲ್ಲ.

ಮನೆ ನೋಡಲು ಹೋದ ದಿನ ಅವರು ನನ್ನ ಊರು, ಜಾತಿ, ಅಡುಗೆ ಯಾವುದನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ. "ಮೇಡಂ, ನೀವು ಸಿನಿಮಾ ತುಂಬಾ ನೋಡ್ತೀರಾ?"

"ಇಲ್ಲ, ಅಪರೂಪಕ್ಕೆ."

ಅವರ ಮುಖ ಸಣ್ಣದಾಯಿತು. ಕೋಣೆ ಕೊಡುವುದಿಲ್ಲವೇನೋ ಎಂದುಕೊಂಡೆ. ಕೊಟ್ಟರು.

ಅವರಿಗೆ ಟಿವಿ ಹುಚ್ಚು ಎಂದು ಬೀದಿಯವರೆಲ್ಲ ನಂಬಿದ್ದರು. ಪ್ರತಿದಿನ ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ಅವರು ಕಂಪ್ಯೂಟರಿನಲ್ಲಿ ಟಿವಿ ಕಾರ್ಯಕ್ರಮಗಳ ಪಟ್ಟಿ ಹಾಕುವ ಒಂದು ಪುಟ ತೆರೆಯುತ್ತಿದ್ದರು. ಅವರ ಮನೆಯ ಡಿಶ್‌ಗೆ ಬರುವ ಸಿನಿಮಾ ಚಾನೆಲ್‌ಗಳನ್ನೆಲ್ಲ ಒಂದೊಂದಾಗಿ ಹುಡುಕಿ, ಆ ದಿನ ಯಾವ ಹೊತ್ತಿಗೆ ಯಾವ ಸಿನಿಮಾ ಎಂದು ಓದುತ್ತಿದ್ದರು. ಆಮೇಲೆ ಹಾಲಿನ ಬೂತಿಗೆ ಹೋದಾಗ, ಮೀನಿನವನು ಬಂದಾಗ, ಲಗ್ನಪತ್ರಿಕೆ ಮಾಡಿಸಲು ಜನ ಬಂದಾಗ, ಸಿನಿಮಾದ ಹೆಸರು ಹೇಳಿ ಕೇಳುತ್ತಿದ್ದರು. "ನೀವು ಅದನ್ನ ನೋಡಿದೀರಾ? ಅದರಲ್ಲಿ ಬಸ್ಸು ಬೀಳ್ತದಾ?"

ಎದುರು ಮನೆಯ ಟೈಲರ್ ನಗುತ್ತಿದ್ದ. "ಟೈಪಿಂಗ್ ಅಕ್ಕ ಸಿನಿಮಾ ತೆಗೀತಾರಂತೆ. ಬಸ್ಸು ಬೀಳ್ಸೋ ಸೀನಿಗೆ ಐಡಿಯಾ ಹುಡುಕ್ತಿದಾರೆ."

"ಹೌದು ಮಾರಾಯ, ಹೀರೋ ನೀನೇ. ಡ್ರೈವಿಂಗ್ ಕಲ್ತಿಟ್ಕೋ" ಎಂದು ಅಕ್ಕನೂ ನಗುತ್ತಿದ್ದರು. ನಕ್ಕು ಮತ್ತೆ ಕೇಳುತ್ತಿದ್ದರು. "ಅದಿರ್ಲಿ, ಬೀಳ್ತದಾ ಇಲ್ವಾ ಹೇಳು."

ತಮ್ಮನನ್ನು ನಾನು ಕಂಡದ್ದು ಕಡಿಮೆ. ಒಳಗಿನ ಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಬಾಡಿಗೆ ಕೊಡಲು ಹೋದಾಗ ಅಂಗೈ ಎತ್ತುತ್ತಿದ್ದರು, ಅಷ್ಟೇ. ಅವರ ಟಿವಿಯ ಸದ್ದು ಇಡೀ ದಿನ ಸಣ್ಣಗೆ ಮೇಲಕ್ಕೆ ಬರುತ್ತಿತ್ತು. ಒಮ್ಮೊಮ್ಮೆ ಹಾಡಿನ ನಡುವೆ, ಮಾತಿನ ನಡುವೆ ಥಟ್ಟನೆ ನಿಲ್ಲುತ್ತಿತ್ತು. ನನ್ನ ಫ್ಯಾನೂ ನಿಲ್ಲುತ್ತಿತ್ತು. ಮಲೆನಾಡಿನಲ್ಲಿ ಕರೆಂಟು ಹೋಗುವುದಕ್ಕೆ ಯಾರೂ ಕಾರಣ ಹುಡುಕುವುದಿಲ್ಲ. ನಾನೂ ಹುಡುಕಲಿಲ್ಲ.

ಒಂದು ಶನಿವಾರ ಮಧ್ಯಾಹ್ನ, ಒಳ್ಳೆಯ ಬಿಸಿಲಿನಲ್ಲಿ, ಬಟ್ಟೆ ಒಣಗಿಸಿ ಹೊರಗಿನ ಮೆಟ್ಟಿಲು ಇಳಿದು ಬರುತ್ತಿದ್ದೆ. ಅಕ್ಕ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿಕೊಂಡು ಹಿಂಬದಿಯಿಂದ ಬಂದರು. ಮೀಟರ್ ಬೋರ್ಡಿನ ಹತ್ತಿರ ನಿಂತು, ಎರಡೂ ಕೈಯಿಂದ ಮೇನ್ ಸ್ವಿಚ್ಚಿನ ಹಿಡಿಯನ್ನು ಹಿಡಿದು, ಕಣ್ಣು ಮುಚ್ಚಿ, ಮಲಗಿದ ಮಗುವನ್ನು ಚಾಪೆಗೆ ಇಳಿಸುವ ಹಾಗೆ ಅದನ್ನು ಕೆಳಗಿಳಿಸಿದರು. ಒಳಗೆ ಟಿವಿ ನಿಂತಿತು. ಅವರು ಮೂರು ಉಸಿರಿನಷ್ಟು ಹೊತ್ತು ಕಿವಿಗೊಟ್ಟು ನಿಂತರು. ಆಮೇಲೆ ಬೇರೆಯೇ ಒಂದು ದನಿಯಲ್ಲಿ ಗಟ್ಟಿಯಾಗಿ ಕೂಗಿದರು. "ಅಯ್ಯೋ, ಮತ್ತೆ ಕರೆಂಟ್ ಹೋಯ್ತಲ್ಲ ಮಾರಾಯ!"

ತಿರುಗಿದಾಗ ನಾನು ಕಂಡೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ಮೇಲೆ ಹೋಗಿ ಚಿಲಕ ಹಾಕಿಕೊಂಡೆ. ನನಗೆ ಆವತ್ತು ಆದದ್ದು ಹೆದರಿಕೆಯೇ. ಒಳಗೆ ಒಬ್ಬ ಮನುಷ್ಯನಿದ್ದಾನೆ, ಅವನು ಹೊರಗೆ ಬರುವುದನ್ನು ನಾನು ಕಂಡೇ ಇಲ್ಲ. ಹೊರಗಿನಿಂದ ಅವನ ದೀಪ, ಫ್ಯಾನು, ಟಿವಿ ಎಲ್ಲವನ್ನೂ ಒಬ್ಬಳು ಹೆಂಗಸು ಸದ್ದಿಲ್ಲದೆ ಆರಿಸಿ, ಸುಳ್ಳು ದನಿಯಲ್ಲಿ ಕೂಗುತ್ತಾಳೆ. ಬೇರೆ ಕೋಣೆ ಹುಡುಕಬೇಕೆಂದುಕೊಂಡೆ. ನೆಲಕ್ಕೆ ಕಿವಿಯಿಟ್ಟು ಕೇಳಿದೆ. ಕೆಳಗೆ ಯಾರೂ ಮಾತಾಡುತ್ತಿರಲಿಲ್ಲ.

ಮರುದಿನ ಅಕ್ಕ ಮೇಲೆ ಬಂದರು. ಒಳಗೆ ಕರೆದರೂ ಬರದೆ ಮೇಲಿನ ಮೆಟ್ಟಿಲ ಮೇಲೆ ಕೂತರು.

"ನಾನು ಕರೆಂಟ್ ಕಳ್ಳಿ ಅಲ್ಲ ಮೇಡಂ."

"ನಾನು ಹಾಗಂದುಕೊಳ್ಳಲಿಲ್ಲ."

"ಮತ್ತೆ ಎಂತ ಅಂದ್ಕೊಂಡ್ರಿ?"

ಅವರು ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಮಡಿಸಿ ಬಿಡಿಸಿ ಮಾಡಿದರು. ಆಮೇಲೆ ಹೇಳಿದರು.

ಅವರ ತಮ್ಮ ಮೊದಲು ಒಂದು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ, ಮತ್ತೆ ಹಿಂದಕ್ಕೆ, ವರ್ಷಗಟ್ಟಲೆ ಅದೇ ದಾರಿ. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆಂದು ಗೊತ್ತಿದ್ದು, ಅವರು ಗೇಟು ದಾಟಿ ಓಡಿ ಬರುವವರೆಗೆ ಬಸ್ಸು ನಿಲ್ಲಿಸಿಕೊಳ್ಳುತ್ತಿದ್ದರು. ಹೊಸನಗರ ಬಿಟ್ಟು ಈಚೆಗೆ ಬರುವಾಗ ಒಂದು ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಬಸ್ಸು ಹಳ್ಳಕ್ಕೆ ಹೋಯಿತು. ಜನ ಸತ್ತರು. ಎಲ್ಲರೂ ಅವರಿಗೆ ಗೊತ್ತಿದ್ದವರು. ಅವರಿಗೆ ಭುಜದ ಹತ್ತಿರ ಒಂದು ತರಚು ಗಾಯ, ಅಷ್ಟೇ. ಕೋರ್ಟಿನಲ್ಲಿ ಅವರದು ತಪ್ಪಿಲ್ಲವೆಂದಾಯಿತು.

"ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ನಾನು ಅಡುಗೆಮನೇಲಿದ್ದೆ. ಟಿವಿ ನ್ಯೂಸಲ್ಲಿ ಕ್ರೇನ್ ಹಾಕಿ ಬಸ್ಸು ಎತ್ತೋದನ್ನ ತೋರಿಸ್ತಾ ಇದ್ರು. ಅದನ್ನೇ ತಿರುಗಿಸಿ ಮುರುಗಿಸಿ. ನಾನು ಹೊರಗೆ ಬಂದು ನೋಡ್ತೀನಿ, ಟಿವಿ ಓಡ್ತಾ ಇದೆ, ಇವ್ನಿಲ್ಲ. ಚಪ್ಪಲಿ ಬಾಗಿಲಲ್ಲೇ ಇತ್ತು ಮೇಡಂ. ಹೋಗಿ ಬರೋನು ಚಪ್ಪಲಿ ಹಾಕ್ಕೊಂಡು ಹೋಗ್ತಾನೆ."

ತುಂಗೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕುತ್ತಿಗೆಮಟ್ಟದ ನೀರಿನಿಂದ ಅವರನ್ನು ಎಳೆದು ತಂದಿದ್ದರು.

ಅದಾದ ಮೇಲೆ ಅಕ್ಕ ಸುದ್ದಿ ಚಾನೆಲ್‌ಗಳಿಗೆಲ್ಲ ನಂಬರಿನ ಬೀಗ ಹಾಕಿಸಿದ್ದರು. ಆದರೆ ಸಿನಿಮಾಗಳಲ್ಲಿ ಬಸ್ಸುಗಳು ಬೀಳುತ್ತವೆ. ನಾಯಕನ ತಂದೆತಾಯಿ ಸಾಯಬೇಕಾದರೆ ಬಸ್ಸು ಬೀಳುತ್ತದೆ. ನಾಯಕಿಗೆ ನೆನಪು ಹೋಗಬೇಕಾದರೂ ಬಸ್ಸು ಬೀಳುತ್ತದೆ.

"ಟಿವಿಯನ್ನೇ ತೆಗೆದುಬಿಡಬಹುದಲ್ಲ ಅಕ್ಕ?"

"ತೆಗ್ದಿದ್ದೆ. ಇಡೀ ದಿನ ಗೋಡೆ ನೋಡ್ಕೊಂಡು ಕೂತ. ಊಟ ಬಿಟ್ಟ. ಗೋಡೆ ಮೇಲೆ ಅವನಿಗೆ ಎಂತ ಕಾಣ್ತಾ ಇತ್ತು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಟಿವಿ ಆದ್ರೆ ಎಂತ ಬರ್ತದೆ ಅಂತ ಪಟ್ಟಿ ಇರ್ತದೆ. ಗೋಡೆಗೆ ಪಟ್ಟಿ ಇಲ್ವಲ್ಲ ಮೇಡಂ."

ಟಿವಿಯಲ್ಲೇ ಪಟ್ಟಿ ನೋಡಬಹುದು, ಆದರೆ ರಿಮೋಟು ತಮ್ಮನ ತೊಡೆಯ ಮೇಲಿತ್ತು. ಅದಕ್ಕೇ ಕಂಪ್ಯೂಟರು. ಬಸ್ಸು ಬೀಳುವ ಸಿನಿಮಾ ಇದ್ದರೆ ಅದು ಶುರುವಾಗುವ ಸ್ವಲ್ಪ ಮೊದಲು ಮೇನ್ ಸ್ವಿಚ್ ಇಳಿಸುವುದು, ಬಸ್ಸು ಬೀಳುವ ಸೀನು ದಾಟಿದ ಮೇಲೆ ಏರಿಸುವುದು. "ಮೊದ್ಲೇ ಗೊತ್ತಿದ್ರೆ ಅರ್ಧ ಹೆದ್ರಿಕೆ ಕಮ್ಮಿ" ಎಂದು ಅವರು ಆಗಾಗ ಹೇಳುತ್ತಿದ್ದರು. ಲಗ್ನಪತ್ರಿಕೆಯ ಕರಡು ತಿದ್ದುವಾಗಲೂ, ಗ್ಯಾಸ್ ಸಿಲಿಂಡರ್ ಅಲ್ಲಾಡಿಸಿ ನೋಡುವಾಗಲೂ ಅದೇ ಮಾತು.

ಅಂದಿನಿಂದ ನಾನೂ ಆ ಬೆಳಗಿನ ಕೆಲಸದಲ್ಲಿ ಸೇರಿಕೊಂಡೆ. ಸಿನಿಮಾದ ಕಥೆಯ ಸಾರಾಂಶ ಬಹುಪಾಲು ಇಂಗ್ಲಿಷಿನಲ್ಲಿರುತ್ತಿತ್ತು. ಓದಿ ಹೇಳುವುದು ನನ್ನ ಪಾಲು. ಕಾಲೇಜಿಗೆ ಹೊರಡುವ ಮೊದಲು ಅವರ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಮಾತು ಪಿಸುಮಾತಿನಲ್ಲಿ ನಡೆಯುತ್ತಿತ್ತು.

"ಇದರಲ್ಲಿ ಅಪಘಾತ ಅಂತ ಇದೆ ಅಕ್ಕ. ಬಸ್ಸೋ ಕಾರೋ ಬರೆದಿಲ್ಲ."

"ಕಾರಾದ್ರೆ ಅಡ್ಡಿಲ್ಲ."

"ಇದರಲ್ಲಿ ರೈಲು."

"ರೈಲು ಬಿದ್ರೂ ಅಡ್ಡಿಲ್ಲ. ವಿಮಾನನೂ ಬೀಳ್ಲಿ, ನಮಗೆಂತ."

ಒಮ್ಮೆ ಇಬ್ಬರೂ ಬಾಯಿಗೆ ಕೈಯಿಟ್ಟು ನಕ್ಕೆವು. ಆದರೆ ಆ ನಗು ಕಾಲೇಜಿನವರೆಗೆ ಬರುತ್ತಿರಲಿಲ್ಲ. ಪಾಠದ ನಡುವೆ ಕರೆಂಟು ಹೋದರೆ, ಈ ಹೊತ್ತಿಗೆ ಯಾವ ಚಾನೆಲ್‌ನಲ್ಲಿ ಏನಿತ್ತು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಊರಿಗೆ ಹೋಗಲು ಹೊಸನಗರದ ಬಸ್ಸು ಹತ್ತಿದರೆ, ಹಳ್ಳದ ತಿರುವು ಬರುವಾಗ ಎದುರು ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದೆ. ಅಕ್ಕನ ಹೆದರಿಕೆ ಒಂದು ಜ್ವರದ ಹಾಗೆ ನನಗೂ ಅಂಟಿತ್ತು. ಯಾವತ್ತಾದರೂ ಒಂದು ಸಿನಿಮಾ ನಮ್ಮ ಕಣ್ಣು ತಪ್ಪಿಸಿ ಹೋಗುತ್ತದೆ ಎಂದು ನನಗೆ ಅನ್ನಿಸುತ್ತಲೇ ಇತ್ತು.

ಆ ಕಂಪ್ಯೂಟರಿಗೆ ಒಂದು ರೋಗವಿತ್ತು. ಒಳಗಿನ ಗುಂಡಿಯಂಥ ಬ್ಯಾಟರಿ ಸತ್ತುಹೋಗುತ್ತ ಬಂದಿತ್ತು. ಮೇನ್ ಇಳಿಸಿದರೆ ಅದರ ಗಡಿಯಾರವೂ ನಿಂತುಬಿಡುತ್ತಿತ್ತು. ಮತ್ತೆ ಕರೆಂಟು ಕೊಟ್ಟಾಗ ನಿಂತಲ್ಲಿಂದಲೇ ಮುಂದೆ ನಡೆಯುತ್ತಿತ್ತು. ಅಕ್ಕನಿಗೆ ಇದು ಗೊತ್ತಿತ್ತು. ಮೇನ್ ಏರಿಸಿದ ಮೇಲೆ ಮೊದಲ ಕೆಲಸವಾಗಿ ಕೈಗಡಿಯಾರ ನೋಡಿ ಪರದೆಯ ಮೂಲೆಯ ಸಮಯವನ್ನು ಸರಿಮಾಡುತ್ತಿದ್ದರು. ಹೊಸ ಬ್ಯಾಟರಿ ಹಾಕಿಸಲು ಪೆಟ್ಟಿಗೆಯನ್ನು ಅಂಗಡಿಗೆ ಕೊಡಬೇಕು, ಪೆಟ್ಟಿಗೆ ಹೋದರೆ ಪಟ್ಟಿ ಇಲ್ಲ. ಹಾಗಾಗಿ ಅದು ಮುಂದೆ ಮುಂದೆ ಹೋಗುತ್ತಿತ್ತು.

ಆ ದಿನ ಬೆಳಗ್ಗೆ ಒಂದು ಸಿನಿಮಾಕ್ಕಾಗಿ ಮೇನ್ ಇಳಿಸಿ, ಒಂದೂವರೆ ಗಂಟೆ ಬಿಟ್ಟು ಏರಿಸಿದ್ದರು. ಏರಿಸುವ ಹೊತ್ತಿಗೆ ಸರಿಯಾಗಿ ಹೊಸನಗರ ಕಡೆಯ ಗಂಡಹೆಂಡತಿ ಮಗಳ ಲಗ್ನಪತ್ರಿಕೆಗೆ ಬಂದರು. ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸಿನಿಮಾ ಇತ್ತು. ಅರ್ಧ ಗಂಟೆಗೇ ಬಸ್ಸು ಹೊಳೆಗೆ ಬೀಳುತ್ತದೆಂದು ಟೈಲರ್ ಹೇಳಿದ್ದ. ಎರಡೂಮುಕ್ಕಾಲಿಗೆ ಏಳಬೇಕೆಂದು ಅಕ್ಕ ಮನಸ್ಸಿನಲ್ಲಿಟ್ಟುಕೊಂಡಿದ್ದರು.

ನನಗೆ ಆವತ್ತು ಬೇಗ ತರಗತಿ ಮುಗಿದಿತ್ತು. ಗೇಟು ತೆಗೆಯುವಾಗಲೇ ಮುಂದಿನ ಕೋಣೆಯ ಜಗಳ ಕೇಳಿಸಿತು.

"ದೊಡ್ಡಮಾವನ ಹೆಸ್ರು ಮೇಲೆ ಬರ್ಲಿ" ಎಂದು ಗಂಡ.

"ಹುಡ್ಗಿ ಸೋದರಮಾವ ಇರುವಾಗ ನಿಮ್ಮ ದೊಡ್ಡಮಾವ ಎಂತಕ್ಕೆ ಮೇಲೆ? ಅವ್ರು ಮದುವೆಗೆ ಬರೋದೇ ಊಟದ ಹೊತ್ತಿಗೆ" ಎಂದು ಹೆಂಡತಿ.

"ಒಂದೇ ಸಾಲಲ್ಲಿ ಇಬ್ರನ್ನೂ ಹಾಕ್ತೀನಿ, ಅಕ್ಕಪಕ್ಕ ಕೂತ್ಕೊಳ್ಳಿ" ಎಂದು ಅಕ್ಕ.

ನಾನು ಬಾಗಿಲಲ್ಲಿ ನಿಂತು ಪರದೆ ನೋಡಿದೆ. ಮೂಲೆಯಲ್ಲಿ ಎರಡೂ ಇಪ್ಪತ್ತು ಎಂದಿತ್ತು. ನನ್ನ ಕೈಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

"ಅಕ್ಕ, ಗಡಿಯಾರ."

ಅವರು ನನ್ನ ಮುಖ ನೋಡಿದರು, ಮೂಲೆ ನೋಡಿದರು, ತಮ್ಮ ಕೈ ನೋಡಿಕೊಂಡರು. ಗಾಳಿಯನ್ನು ತಳ್ಳಲು ಎತ್ತಿದ್ದ ಎಡಗೈ ಹಾಗೆಯೇ ನಿಂತಿತು. ನಾನು ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಕೈಯನ್ನೇ.

ಒಳಗಿನ ಕೋಣೆಯಲ್ಲಿ ಟಿವಿ ಓಡುತ್ತಿತ್ತು. ಯಾರೋ ಇಬ್ಬರು ಹೂದೋಟದಲ್ಲಿ ಹಾಡುತ್ತಿದ್ದರು. ಬೆತ್ತದ ಕುರ್ಚಿ ಖಾಲಿ. ರಿಮೋಟು ಕುರ್ಚಿಯ ಮೇಲಿತ್ತು. ಹಿಂಬಾಗಿಲು ತೆರೆದಿತ್ತು.

ಅಕ್ಕ ಕೂಗಲಿಲ್ಲ. ಹಿಂಬಾಗಿಲಿಗೆ ಹೋಗಿ ನೆಲ ನೋಡಿದರು. "ಚಪ್ಪಲಿ ಇಲ್ಲ" ಎಂದರು. ಮತ್ತೆ, ನನಗಲ್ಲ, ತಮಗೇ ಹೇಳಿಕೊಳ್ಳುವ ಹಾಗೆ, "ಚಪ್ಪಲಿ ಹಾಕ್ಕೊಂಡು ಹೋಗಿದಾನೆ. ಆವತ್ತು ಹಾಕ್ಕೊಂಡಿರ್ಲಿಲ್ಲ" ಎಂದರು.

ಆದರೂ ಮೊದಲು ಓಡಿದ್ದು ಹೊಳೆಗೇ. ಅವರು ಬರಿಗಾಲಿನಲ್ಲಿದ್ದರು. ಅರವತ್ತರ ಹತ್ತಿರದ ಹೆಂಗಸು ಅಷ್ಟು ಬೇಗ ಹೋಗಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಯಾರೋ "ಎಂತಾಯ್ತಕ್ಕ?" ಎಂದರು. "ಎಂತ ಇಲ್ಲ ಮಾರಾಯ" ಎಂದು ನಿಲ್ಲದೆ ಹೇಳಿದರು. ಹೊಳೆಯ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಕಂಬಳಿ ಹಿಂಡುತ್ತಿದ್ದರು. ಇಲ್ಲಿಗೆ ಯಾರೂ ಬಂದಿಲ್ಲ ಎಂದರು. ಅಕ್ಕ ಅವರನ್ನು ನಂಬಲಿಲ್ಲ. ನೀರಿನ ಅಂಚಿಗೆ ಇಳಿದು ಕೈ ಅಡ್ಡ ಹಿಡಿದು ಬಂಡೆಗಳನ್ನು ಒಂದೊಂದಾಗಿ ನೋಡಿದರು. ನಾನೂ ನೋಡಿದೆ. ಹೊಳೆಯ ನಡುವೆ ಕಪ್ಪಾಗಿ ಏನೋ ಒಂದು ಮುಳುಗಿ ಎದ್ದಿತು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅದು ಮರದ ಬೊಡ್ಡೆ.

"ಬಸ್ ಸ್ಟ್ಯಾಂಡ್" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಬೇರೆ ಜಾಗ ತೋಚಲಿಲ್ಲ.

"ಅವನು ಬಸ್ಸಿನ ಹತ್ರ ಹೋಗೋದಿಲ್ಲ" ಎಂದರು ಅಕ್ಕ. ಆದರೂ ಬಂದರು.

ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಅದರ ಮುಂದಿನ ಗಾಲಿಯ ಹತ್ತಿರ ಒಬ್ಬರು ಮೊಣಕಾಲೂರಿ ಕೂತು, ಗಾಲಿಯ ನಟ್ಟುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಆಮೇಲೆ ಎದ್ದು ಡ್ರೈವರಿಗೆ ಹೇಳಿದರು. "ಒತ್ತು."

ಡ್ರೈವರ್ ಬ್ರೇಕ್ ಒತ್ತಿದ. ಗಾಳಿಯ ಸದ್ದಾಯಿತು.

"ಇನ್ನೊಂದ್ಸಲ."

ಮತ್ತೆ ಒತ್ತಿದ.

ಅಕ್ಕ ಬಸ್ ಸ್ಟ್ಯಾಂಡಿನ ಕಂಬವನ್ನು ಹಿಡಿದುಕೊಂಡು ನಿಂತುಬಿಟ್ಟರು. ಕಂಡಕ್ಟರ್ ನಮ್ಮ ಹತ್ತಿರ ಬಂದ. "ಅಕ್ಕಾ, ಎಂತಕ್ಕೆ ಹಿಂಗೆ ಓಡಿ ಬಂದ್ರಿ? ಅಣ್ಣ ಏನೂ ತೊಂದ್ರೆ ಮಾಡಲ್ಲ. ಯಾವಾಗ್ಲೂ ಬರ್ತಿರ್ತಾರೆ. ನಟ್ಟು ನೋಡ್ತಾರೆ, ಬ್ರೇಕ್ ಒತ್ತಿಸ್ತಾರೆ. ಒತ್ತದೆ ಬಸ್ಸು ಬಿಡೋಕೆ ಬಿಡಲ್ಲ. ನಾವೂ ಒತ್ತಿ ತೋರಿಸ್ತೀವಪ್ಪ, ಹಳೇ ಡ್ರೈವರಣ್ಣ ಅಲ್ವಾ."

"ಯಾವಾಗ್ಲೂ ಅಂದ್ರೆ?"

"ಕರೆಂಟ್ ಹೋದಾಗೆಲ್ಲ."

ತಮ್ಮ ಅಷ್ಟರಲ್ಲಿ ನಮ್ಮನ್ನು ಕಂಡರು. ಅಂಗೈ ಎತ್ತಿದರು. ಗ್ರೀಸು ಹತ್ತಿದ ಹೆಬ್ಬೆರಳನ್ನು ಲುಂಗಿಗೆ ಒರೆಸಿಕೊಳ್ಳುತ್ತ ಹತ್ತಿರ ಬಂದರು. ಆಮೇಲೆ ಅವರು ಆಡಿದಷ್ಟು ಮಾತನ್ನು ನಾನು ಅದುವರೆಗೆ ಅವರ ಬಾಯಿಂದ ಕೇಳಿರಲಿಲ್ಲ.

"ನೀನು ಆ ಸಿನಿಮಾ ನೋಡಿದ್ಯಾ?" ಎಂದು ಅಕ್ಕ ಕೇಳಿದರು.

"ನೋಡ್ದೆ."

"ಬಸ್ಸು?"

"ಬಿತ್ತು. ಅದು ಗೊಂಬೆ ಬಸ್ಸಕ್ಕ. ಬೀಳುವಾಗ ಟಯರೇ ತಿರುಗಲ್ಲ. ನೀರಿನ ಗುಳ್ಳೆ ಬಸ್ಸಿಗಿಂತ ದೊಡ್ಡದಿತ್ತು."

"ಮತ್ತೆ ಇಲ್ಲಿಗೆ ಎಂತಕ್ಕೆ ಬಂದೆ?"

"ಬೆಳಗ್ಗೆ ಕರೆಂಟ್ ಹೋಯ್ತಲ್ಲ."

ತಮ್ಮ ನೆಲ ನೋಡುತ್ತ ಮುಂದುವರಿಸಿದರು. "ಪಕ್ಕದ ಮನೆ ಮಿಕ್ಸಿ ಓಡ್ತಾ ಇರ್ತದೆ. ನಮ್ಮನೆಗೆ ಮಾತ್ರ ಕರೆಂಟ್ ಇರಲ್ಲ. ಎಲ್ಲೋ ಒಂದು ಬಸ್ಸು ಬಿದ್ದಿದೆ, ಇವ್ಳು ನಂಗೆ ತೋರಿಸ್ತಾ ಇಲ್ಲ ಅಂತ ಗೊತ್ತಾಗ್ತದೆ. ಯಾವ ಬಸ್ಸು ಅಂತ ಗೊತ್ತಾಗಲ್ಲ. ಮಳೆಗಾಲದಲ್ಲಂತೂ ದಿನಕ್ಕ್ ನಾಲ್ಕ್ ಸಲ ಹೋಗ್ತದೆ. ಯಾವ್ದು ನೀನು ತೆಗ್ದಿದ್ದು, ಯಾವ್ದು ತಾನಾಗಿ ಹೋಗಿದ್ದು ಅಂತ ನಾನು ಹೆಂಗೆ ಹೇಳ್ಲಿ? ಎಲ್ಲಾ ಸಲನೂ ನಿನ್ನ ಕಣ್ಣು ತಪ್ಪಿಸಿ ಹಿಂಬಾಗಿಲಿಂದ ಬರ್ತೀನಿ. ಬೆಳಗ್ಗೆ ನೀನು ಮನೇಲೇ ಓಡಾಡ್ತಿದ್ದೆ. ಈಗ ಬಂದೆ."

ಇಷ್ಟು ವರ್ಷ ಅಕ್ಕ ಆ ಹಿಡಿಯನ್ನು ಸದ್ದಿಲ್ಲದೆ ಇಳಿಸಿದಾಗಲೆಲ್ಲ ಒಳಗೆ ಕತ್ತಲಲ್ಲಿ ಕೂತ ಈ ಮನುಷ್ಯನಿಗೆ ಒಂದು ಬಸ್ಸು ಬೀಳುತ್ತಿತ್ತು. ಗೊಂಬೆಯದಲ್ಲ, ಗೊತ್ತಿದ್ದವರು ತುಂಬಿದ ಬಸ್ಸು.

ಮನೆಗೆ ಬರುವವರೆಗೆ ಅಕ್ಕ ತಮ್ಮನ ಅಂಗಿಯ ಚುಂಗನ್ನು ಹಿಡಿದುಕೊಂಡೇ ನಡೆದರು, ಜಾತ್ರೆಯಲ್ಲಿ ಚಿಕ್ಕವರನ್ನು ಹಿಡಿದುಕೊಳ್ಳುವ ಹಾಗೆ. ಅವರು ಬಿಡಿಸಿಕೊಳ್ಳಲಿಲ್ಲ. ಮುಂದಿನ ಕೋಣೆಯಲ್ಲಿ ಗಂಡಹೆಂಡತಿ ಇನ್ನೂ ಕೂತಿದ್ದರು. "ಇಬ್ರೂ ಮಾವಂದಿರು ಅಕ್ಕಪಕ್ಕ ಇರ್ಲಿ ಬಿಡಿ, ನಾವು ರಾಜಿ ಆದ್ವಿ" ಎಂದರು. ಅಕ್ಕ "ಆಯ್ತು" ಎಂದು ಕೂತು ಉಳಿದ ಸಾಲುಗಳನ್ನು ಹೊಡೆದುಕೊಟ್ಟರು. ಗಾಳಿಯನ್ನು ತಳ್ಳುವುದನ್ನು ಮರೆತಿದ್ದರು.

ಮರುದಿನ ಬೆಳಗ್ಗೆ ಎಂದಿನಂತೆ ನಾನು ಕೆಳಗಿಳಿದೆ. ಕಂಪ್ಯೂಟರಿನ ಮುಂದೆ ನನ್ನ ಸ್ಟೂಲಿನ ಪಕ್ಕದಲ್ಲಿ ಬೆತ್ತದ ಕುರ್ಚಿಯಿತ್ತು. ತಮ್ಮ ಅದರಲ್ಲಿ ಕೂತಿದ್ದರು. ಅಕ್ಕ ಪರದೆಯ ಮೂಲೆಯ ಸಮಯ ಸರಿಮಾಡಿ, ಪಟ್ಟಿ ತೆರೆದು, ಪಿಸುಮಾತಿನಲ್ಲಲ್ಲದೆ ಗಟ್ಟಿಯಾಗಿ ಓದಲು ಶುರುಮಾಡಿದರು.

"ಒಂಬತ್ತಕ್ಕೆ ಹಳೇದು, ಕಪ್ಪುಬಿಳುಪು. ಬಸ್ಸಿಲ್ಲ. ಹನ್ನೆರಡಕ್ಕೆ ಒಂದು ಕಾಮಿಡಿ. ಬಸ್ಸಿದೆ, ಬೀಳಲ್ಲ. ಮೂರಕ್ಕೆ..." ನಿಲ್ಲಿಸಿದರು. "ಮೂರಕ್ಕೆ ಬೀಳ್ತದೆ. ನೋಡ್ತೀಯಾ?"

"ಗೊಂಬೆದಾ?"

"ನಂಗೆ ಗೊತ್ತಿಲ್ಲ."

"ನೀನೂ ಕೂತ್ಕೊಂಡ್ರೆ ನೋಡ್ತೀನಿ."

ಆಗ ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಫ್ಯಾನು ನಿಧಾನವಾಗಿ ನಿಂತಿತು. ಮೂವರೂ ಅಲುಗಾಡಲಿಲ್ಲ. ತಮ್ಮನ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು. ಅವರ ಕಣ್ಣು ಬಾಗಿಲ ಕಡೆ, ಚಪ್ಪಲಿಯ ಕಡೆ ಹೋಯಿತು.

"ನಾನಲ್ಲ" ಎಂದರು ಅಕ್ಕ. "ನೋಡು, ನಾನಿಲ್ಲೇ ಇದೀನಿ. ನಾನಲ್ಲ ಮಾರಾಯ."

ತಮ್ಮ ಎದ್ದು ಹೊರಗೆ ಹೋದರು. ಮೀಟರ್ ಬೋರ್ಡಿನ ಹತ್ತಿರ ಅವರ ಹೆಜ್ಜೆ ನಿಂತದ್ದು ಕೇಳಿಸಿತು. ಅಲ್ಲಿಂದ ಮುಂದಕ್ಕೆ ಹೋಗುತ್ತದೋ ಹಿಂದಕ್ಕೆ ಬರುತ್ತದೋ ಎಂದು ನಾನು ಕಾದೆ. ಬಂದರು.

"ಮೇಲೇ ಇದೆ" ಎಂದರು. ಕುರ್ಚಿಯಲ್ಲಿ ಕೂತರು. "ಸ್ವಿಚ್ಚಿಗೆ ಎಂತಕ್ಕೆ ಅಂಗಿ ಹೊಲ್ಸಿದೀಯ?"

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮೇಜಿನ ಮೇಲೆ ಫೋನಿದೆ" ಎಂದರು. "ಕರೆಂಟ್ ಆಫೀಸಿಗೆ ಮಾಡಿ ಕೇಳು. ನಾನು ನಂಬರ್ ಹೇಳ್ತೀನಿ."

"ನೀನೇ ಮಾಡು."

"ನಾನು ಕೀಬೋರ್ಡಿನ ಮೇಲಿಂದ ಕೈ ತೆಗೆಯಲ್ಲ."

ಅವರು ತುಂಬಾ ಹೊತ್ತು ಫೋನನ್ನು ನೋಡಿದರು. ಆಮೇಲೆ ಅಕ್ಕ ಹೇಳಿದ ಅಂಕಿಗಳನ್ನು ಹೆಬ್ಬೆರಳಿನಿಂದ, ಗಾಲಿಯ ನಟ್ಟು ಒತ್ತಿದ ಹಾಗೆಯೇ, ಒಂದೊಂದಾಗಿ ಒತ್ತಿದರು. ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು. ಮೇಲಿನ ರಸ್ತೆಯಲ್ಲಿ ಲೈನಿನ ಮೇಲೆ ಮರ ಬಿದ್ದಿದೆ, ಜನ ಹೋಗಿದ್ದಾರೆ, ಸ್ವಲ್ಪ ಹೊತ್ತಾಗುತ್ತದೆ.

"ಮರ ಬಿದ್ದ ಜಾಗದಲ್ಲಿ..." ತಮ್ಮ ಫೋನನ್ನು ಎರಡೂ ಕೈಯಿಂದ ಹಿಡಿದರು. "ಅಲ್ಲಿ ಬಸ್ಸು ಏನಾದ್ರೂ ಇತ್ತಾ?"

"ಬಸ್ಸಾ? ಇಲ್ಲಪ್ಪ. ಒಂದು ದನ ಸಹ ಇರ್ಲಿಲ್ವಂತೆ."

ಅವರು ಫೋನ್ ಕೆಳಗಿಟ್ಟರು. "ಮರವಂತೆ" ಎಂದರು.

"ಹೂಂ, ಮರ" ಎಂದರು ಅಕ್ಕ.

ಕಾಲೇಜಿಗೆ ಹೊತ್ತಾಗಿತ್ತು. ನಾನು ಏಳಲಿಲ್ಲ. ಕಪ್ಪು ಪರದೆಯಲ್ಲಿ ನಮ್ಮ ಮೂವರ ಮುಖ ಮಸುಕಾಗಿ ಕಾಣುತ್ತಿತ್ತು. ಕರೆಂಟು ಬರುವವರೆಗೂ ಅಕ್ಕ ಎರಡೂ ಕೈಗಳನ್ನು ಕೀಬೋರ್ಡಿನ ಮೇಲೆ, ತಮ್ಮನಿಗೆ ಕಾಣುವ ಹಾಗೆ ಇಟ್ಟುಕೊಂಡೇ ಕೂತಿದ್ದರು.